ತುರ್ಕಿ ಭಾಷೆ: ವಿಭಕ್ತಿ ಸಲೀಸು, ಈ 'ನನ್ನ-ನಿನ್ನ-ಅವನ' ಪ್ರತ್ಯಯಗಳೇ ತಲೆನೋವು

ಕಾಫಿಪುಡಿ:
ಎಲ್ಲರಿಗೂ ನಮಸ್ಕಾರ. ಮೊಬೈಲ್ ಆ್ಯಪ್ ಇಟ್ಟುಕೊಂಡು ತುರ್ಕಿ ಕಲಿಯುತ್ತಿದ್ದೇನೆ. ಶುರುವಿನಲ್ಲಿ ಖುಷಿಯೋ ಖುಷಿ. ಮನೆ ಅಂದರೆ 'ಎವ್'. ಮನೆಗೆ ಅಂದರೆ 'ಎವೆ', ಮನೆಯಲ್ಲಿ ಅಂದರೆ 'ಎವ್‌ದೆ', ಮನೆಯಿಂದ ಅಂದರೆ 'ಎವ್‌ದೆನ್'. ನಮ್ಮ ಗೆ, ಅಲ್ಲಿ, ಇಂದ ಹಾಗೇ ಹಿಂದೆ ಅಂಟಿಸಿದರೆ ಮುಗಿಯಿತು. ಕನ್ನಡದವರಿಗೆ ತುರ್ಕಿ ನೀರು ಕುಡಿದಷ್ಟು ಸುಲಭ ಅಂತ ಯಾರೋ ಹೇಳಿದ್ದರು, ನಂಬಿಬಿಟ್ಟೆ.

ಆಮೇಲೆ ಯಾರದು ಅಂತ ಹೇಳುವ ಪ್ರತ್ಯಯಗಳು ಬಂದವು. ನನ್ನ ಮನೆ 'ಎವಿಮ್', ನಿನ್ನ ಮನೆ 'ಎವಿನ್', ಅವನ ಮನೆ 'ಎವಿ'. ಸರಿ. ಆದರೆ ಮನೆಯನ್ನು ಅನ್ನೋದಕ್ಕೂ 'ಎವಿ' ಅಂತೆ! ಇನ್ನು 'ಮನೆಯಲ್ಲಿ' ಅಂದರೆ ಎವ್‌ದೆ, 'ಅವನ ಮನೆಯಲ್ಲಿ' ಅಂದರೆ ಎವಿದೆ ಆಗಬೇಕಲ್ಲ? ಇಲ್ಲ, 'ಎವಿನ್‌ದೆ'. ಈ ನಕಾರ ಎಲ್ಲಿಂದ ನುಗ್ಗಿತು? ಜೊತೆಗೆ 'ಅಲಿಯ ಮನೆ' ಅನ್ನೋಕೆ ಅಲಿಗೂ ಒಂದು ಬಾಲ, ಮನೆಗೂ ಒಂದು ಬಾಲ: 'ಅಲಿನಿನ್ ಎವಿ'. ಒಂದು ಸಾಲದೇ ಇವರಿಗೆ?

(ಇಲ್ಲಿ ಎಲ್ಲ ಕನ್ನಡ ಲಿಪಿಯಲ್ಲೇ ಬರೆಯಬೇಕು ಅಂತ ನಿಯಮ ಇದೆಯಲ್ಲ, ಅದಕ್ಕೆ ತುರ್ಕಿಯ ಚುಕ್ಕಿ ಇಲ್ಲದ 'ಐ' ಅಕ್ಷರವನ್ನೂ 'ಇ' ಅಂತಲೇ ಬರೆಯುತ್ತೇನೆ. ಉಚ್ಚಾರ ಬೇರೆ ಅಂತ ಗೊತ್ತು, ಬೈಬೇಡಿ.)

ಅಂಕಾರಾಅಕ್ಕ:
ಬೈಯಲ್ಲ, ಬನ್ನಿ. ಇಲ್ಲಿ ಅಂಕಾರಾದಲ್ಲಿ ಕೆಲಸ ಮಾಡ್ತಾ ಇದ್ದೇನೆ, ದಿನಾ ಇದರ ಜೊತೆ ಗುದ್ದಾಟ. ಮೊದಲು ಸಾಲು ಯಾವುದು ಅಂತ ತಿಳಿದುಕೊಳ್ಳಿ. ಮೊದಲು ಹೆಸರು, ಆಮೇಲೆ ಬಹುವಚನ, ಆಮೇಲೆ ಯಾರದು ಅನ್ನೋದು, ಕೊನೆಗೆ ವಿಭಕ್ತಿ. ಎವ್-ಲೆರ್-ಇಮಿಜ್-ದೆನ್, ಅಂದರೆ ನಮ್ಮ ಮನೆಗಳಿಂದ. ಈ ಸಾಲು ಅದಲು ಬದಲು ಆಗೋದೇ ಇಲ್ಲ. ನೀವು 'ಎವ್‌ದೆನಿಮಿಜ್' ಅಂದರೆ ಎದುರಿನವರಿಗೆ ಏನೂ ಅರ್ಥ ಆಗಲ್ಲ.

ನಕಾರದ ವಿಷಯ. 'ಅವನ, ಅವಳ, ಅದರ' ಅನ್ನುವ ಮೂರನೇ ಪುರುಷದ ಪ್ರತ್ಯಯ ಬಂದು, ಅದರ ಮೇಲೆ ವಿಭಕ್ತಿ ಕೂತರೆ ಮಾತ್ರ ನಡುವೆ ಈ ನ್ ಬರುತ್ತದೆ. ಎವ್-ಇ-ನ್-ದೆ. ಅವನ ಮನೆಗೆ: ಎವ್-ಇ-ನ್-ಎ. ಅವನ ಮನೆಯನ್ನು: ಎವ್-ಇ-ನ್-ಇ. ನನ್ನ ಮನೆಯಲ್ಲಿ ಅಂದಾಗ ಇದು ಬೇಡ, ಎವ್-ಇಮ್-ದೆ ಅಷ್ಟೇ. 'ಇದು', 'ಅದು' ಅನ್ನುವ ಸರ್ವನಾಮಗಳಲ್ಲೂ ಇದೇ ನ್ ಇಣುಕುತ್ತದೆ. 'ಬು' ಅಂದರೆ ಇದು, 'ಬುನ್‌ದಾ' ಅಂದರೆ ಇದರಲ್ಲಿ (ಪದದ ಸ್ವರಕ್ಕೆ ಹೊಂದಿಕೊಂಡು ದೆ ಇಲ್ಲಿ ದಾ ಆಗುತ್ತದೆ, ಇದೇ ಸ್ವರಗಳ ಹೊಂದಾಣಿಕೆ). 'ಒ' ಅಂದರೆ ಅದು, 'ಒನ್‌ದಾ' ಅಂದರೆ ಅದರಲ್ಲಿ. ಅದಕ್ಕೇ ವ್ಯಾಕರಣದವರು ಇದನ್ನು ಸರ್ವನಾಮದ ನಕಾರ ಅಂತಲೇ ಕರೆಯುತ್ತಾರೆ.

ಇದರಿಂದ ಒಂದು ಲಾಭವೂ ಇದೆ. 'ಎವಿ ಸತ್ತಿ' ಅಂದರೆ ಮನೆಯನ್ನು ಮಾರಿದ. 'ಎವಿನಿ ಸತ್ತಿ' ಅಂದರೆ ತನ್ನ ಮನೆಯನ್ನು ಮಾರಿದ. ನ್ ಕಂಡರೆ ಯಾರದೋ ಮನೆ ಅಂತ ಗೊತ್ತಾಗುತ್ತದೆ.

ಮಂಗ್ಳೂರ್‌ಬಂಗುಡೆ:
ಒಂದು ನಿಮಿಷ. ನಿನ್ನ ಮನೆ 'ಎವಿನ್' ಅಂತಾದರೆ ನಿನ್ನ ಮನೆಯಲ್ಲಿ ಅನ್ನೋದೂ 'ಎವಿನ್‌ದೆ' ಅಲ್ವಾ? ಅವನ ಮನೆಯಲ್ಲಿ ಅನ್ನೋದೂ ಅದೇ. ಪಾರ್ಟಿ ಯಾರ ಮನೆಯಲ್ಲಿ ಅಂತ ಗೊತ್ತಾಗೋದು ಹೇಗೆ ಮಾರಾಯ್ರೆ?

ಅಂಕಾರಾಅಕ್ಕ:
@ಮಂಗ್ಳೂರ್‌ಬಂಗುಡೆ ಸರಿಯಾಗಿ ಹಿಡಿದಿರಿ. ಬಿಡಿಸಿದರೆ ಒಂದು ಎವ್-ಇನ್-ದೆ, ಇನ್ನೊಂದು ಎವ್-ಇ-ನ್-ದೆ. ಕಿವಿಗೆ ಎರಡೂ ಒಂದೇ. ಅನುಮಾನ ಬರುವ ಕಡೆ ಮುಂದೆ 'ಸೆನಿನ್' (ನಿನ್ನ) ಅಥವಾ 'ಒನುನ್' (ಅವನ) ಅಂತ ಸೇರಿಸುತ್ತಾರೆ. ಉಳಿದ ಕಡೆ ಮಾತಿನ ಸಂದರ್ಭದಲ್ಲೇ ತಿಳಿಯುತ್ತದೆ.

ಆದರೆ ಈ ಗೊಂದಲ ವ್ಯಂಜನದಲ್ಲಿ ಮುಗಿಯುವ ಪದಗಳಿಗೆ ಮಾತ್ರ. ಸ್ವರದಲ್ಲಿ ಮುಗಿದರೆ ಮೂರನೇ ಪುರುಷಕ್ಕೆ ಒಂದು ಸಕಾರ ಬರುತ್ತದೆ. ಕಾರು ಅಂದರೆ 'ಅರಬಾ'. ನಿನ್ನ ಕಾರು 'ಅರಬಾನ್', ಅವನ ಕಾರು 'ಅರಬಾಸಿ'. ನಿನ್ನ ಕಾರಿನಲ್ಲಿ 'ಅರಬಾನ್‌ದಾ', ಅವನ ಕಾರಿನಲ್ಲಿ 'ಅರಬಾಸಿನ್‌ದಾ'. ಎಲ್ಲಾ ಪುಸ್ತಕಗಳೂ 'ಎವ್' ಇಟ್ಟುಕೊಂಡೇ ಯಾಕೆ ಪಾಠ ಶುರು ಮಾಡುತ್ತವೋ ನನಗಂತೂ ಗೊತ್ತಿಲ್ಲ. ಕಾರು, ಕೋಣೆ ಇಟ್ಟುಕೊಂಡು ಕಲಿತರೆ ಅರ್ಧ ಗೊಂದಲ ಹುಟ್ಟೋದೇ ಇಲ್ಲ.

ನಿವೃತ್ತಮೇಷ್ಟ್ರು:
ನಡುವೆ ಒಂದು ಅಕ್ಷರ ನುಗ್ಗಿತು ಅಂತ ಕಾಫಿಪುಡಿಯವರು ಗಾಬರಿ ಆಗಬೇಕಿಲ್ಲ. ನಾವೇನು ಕಡಿಮೆಯೇ? 'ಮರ' ಮತ್ತು 'ಅಲ್ಲಿ' ಸೇರಿದರೆ 'ಮರದಲ್ಲಿ'. ದಕಾರ ಎಲ್ಲಿಂದ ಬಂತು? 'ಊರು' 'ಊರಿನಲ್ಲಿ' ಆಗುತ್ತದೆ, 'ಹಸು' 'ಹಸುವಿನಲ್ಲಿ' ಆಗುತ್ತದೆ. ಹುಟ್ಟಿನಿಂದ ಆಡುತ್ತಿರುವುದರಿಂದ ನಮಗೆ ಕಾಣುವುದಿಲ್ಲ. ಕನ್ನಡ ಕಲಿಯುವ ಹೊರಗಿನವರನ್ನು ಕೇಳಿ, ಎಲ್ಲಿ ದ, ಎಲ್ಲಿ ಇನ, ಎಲ್ಲಿ ವಿನ ಅಂತ ತಲೆ ಚಚ್ಚಿಕೊಳ್ಳುತ್ತಾರೆ.

ವಿಭಕ್ತಿಗಳ ಲೆಕ್ಕದ ಬಗ್ಗೆಯೂ ಒಂದು ಮಾತು. 13ನೇ ಶತಮಾನದ ಕೇಶಿರಾಜ ಏಳು ವಿಭಕ್ತಿ ಹೇಳಿದ. ನಾವು ಇವತ್ತಿಗೂ ಶಾಲೆಯಲ್ಲಿ ಏಳನ್ನು ಬಾಯಿಪಾಠ ಮಾಡಿಸುತ್ತೇವೆ. ಪಂಚಮಿಗೆ 'ದೆಸೆಯಿಂದ'. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಮಾತಾಡುವವರನ್ನು ನಾನು ಇದುವರೆಗೆ ಕಂಡಿಲ್ಲ. ಸಂಸ್ಕೃತದಲ್ಲಿ ಏಳಿದೆ ಅಂತ ನಮ್ಮಲ್ಲೂ ಏಳು ತುಂಬಿಸಿದ್ದು. ತುರ್ಕಿಯವರ ಶಾಲೆಗಳಲ್ಲಿ ಎಷ್ಟು ಹೇಳಿಕೊಡುತ್ತಾರೆ, ಅಕ್ಕ?

ಅಂಕಾರಾಅಕ್ಕ:
ಐದು, ಮೇಷ್ಟ್ರೇ. ಪ್ರತ್ಯಯ ಇಲ್ಲದ್ದು ಒಂದು. ಉಳಿದವಕ್ಕೆ ಪ್ರತ್ಯಯವೇ ಹೆಸರು: ಇ-ರೂಪ, ಎ-ರೂಪ, ದೆ-ರೂಪ, ದೆನ್-ರೂಪ. ನಮ್ಮ ಷಷ್ಠಿ ಇದೆಯಲ್ಲ, ಅಲಿ-ನಿನ್ ಅನ್ನುವಾಗಿನದು, ಅದನ್ನು ಈ ಪಟ್ಟಿಯಲ್ಲಿ ಸೇರಿಸದೆ ಎರಡು ಹೆಸರುಗಳ ಜೋಡಣೆ ಅನ್ನುವ ಬೇರೆ ಪಾಠದಲ್ಲಿ ಹೇಳಿಕೊಡುತ್ತಾರೆ. ಹೊರದೇಶದವರಿಗೆ ಬರೆದ ವ್ಯಾಕರಣಗಳಲ್ಲಿ ಅದನ್ನೂ ಸೇರಿಸಿ ಆರು. 'ಜೊತೆ' ಅನ್ನುವ ಲೆ/ಲಾ ಪ್ರತ್ಯಯವನ್ನೂ ಹಿಡಿದರೆ ಏಳು.

ನಿವೃತ್ತಮೇಷ್ಟ್ರು:
ಪ್ರತ್ಯಯವೇ ಹೆಸರು! ಪ್ರಥಮಾ, ದ್ವಿತೀಯಾ ಅಂತ ಅಂಕಿ ಹಾಕುವುದಕ್ಕಿಂತ ಎಷ್ಟೋ ವಾಸಿ. ನಾನು ಪಾಠ ಮಾಡುವಾಗ ಇದು ಗೊತ್ತಿದ್ದಿದ್ದರೆ ಮಕ್ಕಳಿಗೆ 'ಗೆ-ವಿಭಕ್ತಿ' ಅಂತಲೇ ಹೇಳುತ್ತಿದ್ದೆ.

ಸಾಫ್ಟ್‌ವೇರ್‌ಸೀನ:
ವಿಭಕ್ತಿ ಸಲೀಸು ಅನ್ನೋ ಮಾತಿಗೇ ನನ್ನ ತಕರಾರು ಇದೆ. ನಮ್ಮ ಒಂದು 'ಇಂದ' ಅಲ್ಲಿ ಎರಡಾಗಿ ಒಡೆಯುತ್ತದೆ. ಚಾಕುವಿನಿಂದ ಕತ್ತರಿಸಿದೆ, ಊರಿನಿಂದ ಬಂದೆ: ನಮಗೆ ಎರಡೂ ಇಂದ. ಅಲ್ಲಿ ಸಾಧನಕ್ಕೆ 'ಲಾ': ಬಿಚಾಕ್‌ಲಾ. ಹೊರಟ ಜಾಗಕ್ಕೆ 'ದಾನ್': ಅಂಕಾರಾದಾನ್. 'ಬಿಚಾಕ್‌ತಾನ್ ಕೆಸ್ತಿಮ್' ಅಂದರೆ ಚಾಕುವಿನಿಂದಲೇ ಏನೋ ಕತ್ತರಿಸಿ ತೆಗೆದ ಹಾಗೆ ಕೇಳಿಸುತ್ತದೆ.

ಅದಕ್ಕಿಂತ ಮೋಸದ್ದು ಬಸ್ಸು. ನಾವು 'ಬಸ್ಸಲ್ಲಿ ಬಂದೆ' ಅನ್ನುತ್ತೇವೆ. ಹಾಗೇ ಅಲ್ಲಿ ಪ್ರತ್ಯಯ ಹಾಕಿ 'ಒಟೊಬುಸ್‌ತೆ ಗೆಲ್ದಿಮ್' ಅಂದರೆ ತಪ್ಪು. 'ಒಟೊಬುಸ್‌ಲೆ ಗೆಲ್ದಿಮ್' ಅನ್ನಬೇಕು. ಬಸ್ಸಿನಿಂದ ಇಳಿದೆ ಅನ್ನೋದು 'ಒಟೊಬುಸ್‌ತೆನ್ ಇಂದಿಮ್'. ಬಸ್ ಹತ್ತಿದೆ ಅನ್ನೋಕೆ ಗೆ ಪ್ರತ್ಯಯ, 'ಒಟೊಬುಸೆ ಬಿಂದಿಮ್'. ಬಸ್ಸು ಒಂದೇ, ವಿಭಕ್ತಿ ಮೂರು.

ಹುಬ್ಳಿಗಿರ್ಮಿಟ್:
ಕ್ರಿಯಾಪದದ ಜೊತೆ ಯಾವ ವಿಭಕ್ತಿ ಅಂತ ಸೇರಿಸೇ ಕಲೀಬೇಕ್ರೀ, ಬೇರೆ ದಾರಿ ಇಲ್ಲ. ನಾವು ನಾಯಿಗೆ ಹೆದರುತ್ತೇವೆ, ಅವರು ನಾಯಿಯಿಂದ ಹೆದರುತ್ತಾರೆ: 'ಕೊಪೆಕ್‌ತೆನ್'. ನಾವು ಅವನನ್ನು ಕೇಳುತ್ತೇವೆ, ಅವರು ಅವನಿಗೆ ಕೇಳುತ್ತಾರೆ. ನಾವು ಅವನನ್ನು ನೋಡುತ್ತೇವೆ, ಅವರು 'ಬಕ್ಮಾಕ್' ಅನ್ನುವಾಗ ಅವನಿಗೆ ನೋಡುತ್ತಾರೆ. ಇನ್ನು ಇಷ್ಟಪಡೋದಕ್ಕೆ ಒಂದು ಕ್ರಿಯಾಪದ ಇದೆ, 'ಹೊಶ್ಲಾನ್ಮಾಕ್'. ಅದಕ್ಕೆ ಇಂದ ಬೇಕು. ಅಂದರೆ ಬೆಕ್ಕಿನಿಂದ ಇಷ್ಟಪಡ್ತಾರ. ನಮ್ಮ ಕಡೆ ಹಂಗಂದ್ರ ಬೆಕ್ಕ ಬಿಟ್ಟು ಮನಿಮಂದಿ ಎಲ್ಲಾ ನಗ್ತಾರ.

ಕಾಫಿಪುಡಿ:
ಅಕ್ಕ, ನನ್ನ ಮೂರನೇ ಪ್ರಶ್ನೆ ಎಲ್ಲರೂ ಮರೆತಿರಿ. ಎರಡು ಬಾಲ ಯಾಕೆ?

ಅಂಕಾರಾಅಕ್ಕ:
ಮರೆತಿಲ್ಲ, ಅದು ದೊಡ್ಡ ವಿಷಯ ಅಂತ ತಡ ಮಾಡಿದೆ. ಅಲಿ-ನಿನ್ ಎವ್-ಇ. ಅಲಿಗೆ ಹಾಕಿದ 'ನಿನ್' ನಮ್ಮ 'ಅಲಿಯ' ಅನ್ನುವ ಷಷ್ಠಿ. ಮನೆಗೆ ಹಾಕಿದ 'ಇ' ಈ ಮನೆ ಯಾರಿಗೋ ಸೇರಿದ್ದು ಅನ್ನುವ ಗುರುತು. ಎರಡೂ ಸೇರಿದರೆ ನಿರ್ದಿಷ್ಟವಾದ ಒಡೆತನ. ಈಗ ಮೊದಲನೆಯದನ್ನು ಕಿತ್ತು ಹಾಕಿ, ಎರಡನೆಯದನ್ನು ಮಾತ್ರ ಉಳಿಸಿ ನೋಡಿ. 'ಎವಿನ್ ಕಪಿಸಿ' ಅಂದರೆ ಆ ಮನೆಯ ಬಾಗಿಲು (ಇಲ್ಲಿನ 'ಇನ್' ನಿನ್ನ ಅನ್ನೋದಲ್ಲ, ಅಲಿ-ನಿನ್ ಅನ್ನುವ ಷಷ್ಠಿಯೇ, ವ್ಯಂಜನದ ಮೇಲೆ ಬರೀ ಇನ್ ಆಗುತ್ತದೆ). 'ಎವ್ ಕಪಿಸಿ' ಅಂದರೆ ಮನೆಬಾಗಿಲು ಅನ್ನುವ ಜಾತಿಯ ಬಾಗಿಲು, ಯಾವ ಮನೆಯದ್ದಾದರೂ ಸರಿ.

ಈ ಎರಡನೇ ಬಗೆ ತುರ್ಕಿಯ ಊರುಗಳಲ್ಲಿ ಎಲ್ಲಿ ನೋಡಿದರೂ ಇದೆ. ಇಸ್ತಾಂಬುಲ್‌ನ ಫಲಕಗಳನ್ನೇ ನೋಡಿ. ಗಲಾತಾ ಕುಲೆ-ಸಿ, ಅಂದರೆ ಗಲಾತಾ ಗೋಪುರ. ಇಸ್ತಿಕ್ಲಾಲ್ ಜಾದ್ದೆ-ಸಿ, ಒಂದು ರಸ್ತೆ. ತಕ್ಸಿಮ್ ಮೆಯ್ದಾನ್-ಇ, ನಮ್ಮ ಮೈದಾನವೇ. ತೊಪ್ಕಪಿ ಸರಾಯ್-ಇ, ಅರಮನೆ. ತುರ್ಕಿ ಕಾಫಿಗೆ 'ತುರ್ಕ್ ಕಹ್ವೆ-ಸಿ'. ಆ ಕೊನೆಯ ಸಿ, ಇ ಎಲ್ಲ ಮೂರನೇ ಪುರುಷದ ಪ್ರತ್ಯಯಗಳೇ. ಆದ್ದರಿಂದ ಅರಮನೆಗೆ ಹೋಗ್ತೇನೆ ಅನ್ನುವಾಗ ನಿಮ್ಮ ನಕಾರ ಮತ್ತೆ ಹಾಜರು: ತೊಪ್ಕಪಿ ಸರಾಯಿ-ನ್-ಆ.

ನಿವೃತ್ತಮೇಷ್ಟ್ರು:
'ಮನೆಯ ಬಾಗಿಲು' ಮತ್ತು 'ಮನೆಬಾಗಿಲು'. ನಮ್ಮಲ್ಲೂ ಇದೇ ಭೇದ ಇದೆ! 'ಸಾಲಗಾರ ಮನೆಬಾಗಿಲಿಗೆ ಬಂದ' ಅಂದರೆ ಯಾವ ಬಾಗಿಲು, ಎಷ್ಟು ಎತ್ತರ ಅಂತ ಯಾರೂ ಕೇಳುವುದಿಲ್ಲ. 'ಮನೆಯ ಬಾಗಿಲು ಮುರಿದಿದೆ' ಅಂದರೆ ಆಚಾರಿಯನ್ನು ಕರೆಯಬೇಕು. ನಾವು ಷಷ್ಠಿಯನ್ನು ಕಿತ್ತು ಸಮಾಸ ಮಾಡುತ್ತೇವೆ. ಅವರೂ ಷಷ್ಠಿಯನ್ನು ಕೀಳುತ್ತಾರೆ, ಆದರೆ ಬಾಗಿಲಿಗೆ ಅಂಟಿದ ಗುರುತನ್ನು ಬಿಡುವುದಿಲ್ಲ. ಬಹಳ ಚೆನ್ನಾಗಿದೆ.

ಟೂರಿಸ್ಟ್‌ತಿಮ್ಮ:
ಇಸ್ತಾಂಬುಲ್‌ಗೆ ಹೋಗಿದ್ದಾಗ ನೀಲಿ ಮಸೀದಿಯ ಫಲಕದಲ್ಲಿ 'ಸುಲ್ತಾನಹ್ಮೆತ್ ಜಾಮಿಇ' ಅಂತ ಎರಡು ಇ ನೋಡಿದೆ. 'ಜಾಮಿ' ಸ್ವರದಲ್ಲಿ ಮುಗಿಯುತ್ತದಲ್ಲ, 'ಜಾಮಿಸಿ' ಆಗಬೇಕಿತ್ತು. ಮುದ್ರಣದ ತಪ್ಪಾ?

ಅಂಕಾರಾಅಕ್ಕ:
@ಟೂರಿಸ್ಟ್‌ತಿಮ್ಮ ತಪ್ಪಲ್ಲ. ಆ ಪದ ಅರಬ್ಬಿಯದು. ಮೂಲದಲ್ಲಿ ಕೊನೆಗೆ ಗಂಟಲಿನ ಒಂದು ವ್ಯಂಜನ ಇತ್ತು. ತುರ್ಕಿಯಲ್ಲಿ ಆ ಸದ್ದು ಹೋಯಿತು, ಆದರೆ ಹಳೇ ಬರಹದಲ್ಲಿ ಪದ ವ್ಯಂಜನದಲ್ಲಿ ಮುಗಿದ ಲೆಕ್ಕ. ಅದಕ್ಕೆ ಬರೀ ಇ. ಈಗ 'ಜಾಮಿಸಿ' ಅಂದರೂ ನಡೆಯುತ್ತದೆ. ಮಸೀದಿಗಳ ಹೆಸರಿನಲ್ಲಿ ಮಾತ್ರ ಹಳೆಯದೇ ಉಳಿದಿದೆ.

ಸಾಫ್ಟ್‌ವೇರ್‌ಸೀನ:
ಒಂದು ಕೊಕ್ಕೆ ಪ್ರಶ್ನೆ. ತುರ್ಕ್ ಕಹ್ವೆಸಿ ಅಂದರೆ ತುರ್ಕಿ ಕಾಫಿ. 'ನನ್ನ ತುರ್ಕಿ ಕಾಫಿ' ಅಂದರೆ ಸಿ ಮೇಲೆ ಮ್ ಹಾಕಿ 'ಕಹ್ವೆಸಿಮ್' ಅನ್ನಬೇಕಾ?

ಅಂಕಾರಾಅಕ್ಕ:
ಇಲ್ಲ. ಒಂದು ಹೆಸರಿಗೆ ಒಡೆತನದ ಪ್ರತ್ಯಯ ಒಂದೇ. ಸಿ ಕಳಚಿ ಮ್ ಹಾಕಬೇಕು: 'ತುರ್ಕ್ ಕಹ್ವೆಮ್'.

ಬಿಷ್ಕೆಕ್‌ಬ್ಯಾಚು:
ನಾನು ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಓದ್ತಾ ಇದ್ದೇನೆ. ಪಾಠ ಇಂಗ್ಲಿಷ್‌ನಲ್ಲೇ, ಆದರೆ ವಾರ್ಡಿನಲ್ಲಿ ರೋಗಿಗಳ ಹತ್ರ ಕಿರ್ಗಿಜ್ ಅಥವಾ ರಷ್ಯನ್ ಬೇಕೇ ಬೇಕು. ಕಿರ್ಗಿಜ್ ಕೂಡ ತುರ್ಕಿಯ ಬಳಗದ್ದೇ. ಇಲ್ಲಿ ಚತುರ್ಥಿ ಕೇಳಿದರೆ ನೀವು ಬೀಳ್ತೀರಿ. ಶಾಲೆಗೆ ಅಂದರೆ 'ಮೆಕ್ತೆಪ್‌ಕೆ'. ಬಿಷ್ಕೆಕ್‌ಗೆ ಅಂದರೆ 'ಬಿಷ್ಕೆಕ್‌ಕೆ'. ಮಗುವಿಗೆ ಅಂದರೆ 'ಬಲಾಗಾ'. ಮನೆಗೆ ಅಂದರೆ 'ಉಯ್‌ಗೊ', ಪಕ್ಕದ ಕಜಕ್ ಭಾಷೆಯಲ್ಲಿ ಇನ್ನೂ ಮಜಾ, 'ಉಯ್‌ಗೆ'. ಗೆ ಮತ್ತು ಕೆ! ಮನೆಗೆ, ಮರಕ್ಕೆ ಅಂದ ಹಾಗೆ. ಸುಮ್ನೆ ಕನ್ನಡ ಮಾತಾಡಿದ ಹಾಗೇ ಇರುತ್ತದೆ.

ವಿಜಾಪುರಗುಮ್ಮಟ:
ನಾ ಅಂದೇ ಹೇಳಿದ್ದೆ! ಕನ್ನಡ, ತುರ್ಕಿ ಎರಡೂ ಒಂದೇ ತಾಯಿ ಮಕ್ಕಳು. ನಮ್ಮ ಆದಿಲ್ ಶಾಹಿ ವಂಶದ ಯೂಸುಫ್ ಆದಿಲ್ ಶಾ ತುರ್ಕಿಯ ರಾಜಕುಮಾರ ಅಂತ ಕಥೆನೇ ಇದೆ. ಸಂಬಂಧ ಹಳೇದು.

ಅಂಕಾರಾಅಕ್ಕ:
ಅಣ್ಣ, ಆ ಕಥೆ ನಿಜವೇ ಅಂದುಕೊಂಡರೂ ಆಸ್ಥಾನದ ಭಾಷೆ ಪಾರ್ಸಿ, ಆಮೇಲೆ ದಖ್ಖನಿ. ಸುಲ್ತಾನ ಯಾರೇ ಆಗಲಿ, ನಮ್ಮ 'ಗೆ' ಅವನಿಗಿಂತ ನೂರಾರು ವರ್ಷ ಹಳೆಯದು.

ನಿವೃತ್ತಮೇಷ್ಟ್ರು:
ಗುಮ್ಮಟದವರನ್ನು ಪೂರ್ತಿ ದೂರಬೇಡಿ, ದೊಡ್ಡವರೇ ಈ ದಾರಿಯಲ್ಲಿ ನಡೆದಿದ್ದಾರೆ. ದ್ರಾವಿಡ ಭಾಷೆಗಳನ್ನು ಮೊದಲ ಬಾರಿ ವಿವರವಾಗಿ ಹೋಲಿಸಿ ನೋಡಿದ ರಾಬರ್ಟ್ ಕಾಲ್ಡ್‌ವೆಲ್, 1856ರಲ್ಲಿ, ಇವು ತುರ್ಕಿ, ಫಿನ್ನಿಶ್ ಮುಂತಾದ ಭಾಷೆಗಳಿಗೆ ಹತ್ತಿರ ಅಂತ ವಾದಿಸಿದ. ಆ ಗುಂಪಿಗೆ ಆತ ಬಳಸಿದ ಹೆಸರು ಸಿಥಿಯನ್. ಆ ಗುಂಪು ಈಗ ಒಂದು ಗುಂಪಾಗಿ ಉಳಿದಿಲ್ಲ. ದ್ರಾವಿಡದ ಜೊತೆಗಿನ ನೆಂಟಸ್ತನವನ್ನೂ ಯಾರೂ ಸಾಧಿಸಿ ತೋರಿಸಿಲ್ಲ.

ಸಾಫ್ಟ್‌ವೇರ್‌ಸೀನ:
ಒಂದು ಗೆ ಹಿಡಿದುಕೊಂಡು ನೆಂಟಸ್ತನ ಕಟ್ಟೋದಾದರೆ ಹಿಂದಿಯ 'ಕೋ' ಕೂಡ ನಮ್ಮ ತಮ್ಮನೇ. ರಾಮ್ ಕೋ, ರಾಮನಿಗೆ. ಪ್ರತ್ಯಯ ಅಂದರೆ ಒಂದೆರಡು ಸದ್ದು ಅಷ್ಟೇ. ಲೋಕದಲ್ಲಿ ಇಷ್ಟು ಭಾಷೆ ಇರುವಾಗ ಕೆಲವು ತಾಳೆ ಆಗದಿದ್ದರೇ ಆಶ್ಚರ್ಯ. ಎಣಿಸಿ ನೋಡಿ: ಬಿರ್, ಇಕಿ, ಉಚ್, ದೊರ್ತ್, ಬೆಶ್. ಒಂದು, ಎರಡು, ಮೂರು, ನಾಲ್ಕು, ಐದು. ಎಲ್ಲಿದೆ ತಾಯಿ?

ವಿಜಾಪುರಗುಮ್ಮಟ:
ಐದಕ್ಕೆ ನಿಲ್ಲಿಸಿ ನೆಂಟಸ್ತನ ಮುಗಿಸಿಬಿಟ್ಟಿರಿ. ಆದರೆ ಪ್ರತ್ಯಯ ಹಿಂದೆ ಅಂಟೋದು, ಕ್ರಿಯಾಪದ ಕೊನೆಗೆ ಬರೋದು, ಇದೆಲ್ಲಾ ಸುಮ್ನೆ ಆಗಿದ್ದಾ?

ಅಂಕಾರಾಅಕ್ಕ:
ಜಪಾನಿ ಭಾಷೆಯಲ್ಲೂ ಹಾಗೇ ಇದೆ ಅಣ್ಣ. ಕಟ್ಟಡದ ನಕ್ಷೆ ಒಂದೇ ಇದ್ದ ಮಾತ್ರಕ್ಕೆ ಕಟ್ಟಿಸಿದವರು ಅಣ್ಣತಮ್ಮಂದಿರು ಆಗಲ್ಲ.

ಬಿಷ್ಕೆಕ್‌ನವರು ಹೇಳಿದ್ದು ಸರಿ, ಆದರೆ ಅವರ ಗೆ-ಕೆ ತುರ್ಕಿ ಬಳಗದ ಒಳಗಿನ ಕಥೆ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ ಹಳೇ ತುರ್ಕಿಯ ಕಲ್ಲಿನ ಶಾಸನಗಳಿವೆ. ಕುಲ್ ತೆಗಿನ್ ಶಾಸನ 732ರದ್ದು. 1893ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ ಆ ಲಿಪಿಯನ್ನು ಬಿಡಿಸಿ ಓದಿದರು. ಅದರಲ್ಲಿ ಚತುರ್ಥಿ 'ಕಾ/ಕೆ'. ಕಿರ್ಗಿಜ್, ಕಜಕ್, ಉಜ್ಬೆಕ್‌ಗಳು ಆ ವ್ಯಂಜನವನ್ನು ಉಳಿಸಿಕೊಂಡವು. ತುರ್ಕಿಯಲ್ಲಿ ಅದು ಸವೆದು ಬರೀ ಆ/ಎ ಉಳಿಯಿತು. ಎವ್-ಎ.

ಬಿಷ್ಕೆಕ್‌ಬ್ಯಾಚು:
ಸರಿ ಅಕ್ಕ. ಇನ್ನೊಂದು ನೀವೇ ಹೇಳಬೇಕು. 'ಮನೆಗೆ' ಅಂದರೆ ಉಯ್‌ಗೊ. ಆದರೆ 'ನನ್ನ ಮನೆಗೆ' ಅಂದರೆ ಉಯುಮ್‌ಗೊ ಅಲ್ಲ, 'ಉಯುಮೊ'. ಒಡೆತನದ ಪ್ರತ್ಯಯ ಬಂದ ಕೂಡಲೇ ಆ ಗ್ ಮಾಯ. ಅವನ ಮನೆಗೆ 'ಉಯುನೊ', ಅಲ್ಲಿ ನಿಮ್ಮ ನಕಾರವೂ ಇದೆ. ಪರೀಕ್ಷೆಯಲ್ಲಿ ಇದನ್ನೇ ಕೇಳ್ತಾರೆ.

ಅಂಕಾರಾಅಕ್ಕ:
ಅದೂ ಹಳೇದೇ. ಓರ್ಖೋನ್ ಶಾಸನಗಳಲ್ಲೂ 'ನನ್ನ', 'ನಿನ್ನ' ಪ್ರತ್ಯಯಗಳ ಮೇಲೆ ಕಾ ಬರಲ್ಲ, ಬರೀ ಆ ಬರುತ್ತದೆ. ನಿಮ್ಮ ಕಿರ್ಗಿಜ್ 1,300 ವರ್ಷದ ಹಳೇ ಅಭ್ಯಾಸ ಬಿಟ್ಟಿಲ್ಲ. ಉಜ್ಬೆಕ್‌ನವರು ಮಾತ್ರ ಎಲ್ಲ ನೇರ ಮಾಡಿಕೊಂಡಿದ್ದಾರೆ: 'ಉಯಿಮ್‌ಗಾ' ನನ್ನ ಮನೆಗೆ, 'ಉಯಿಗಾ' ಅವನ ಮನೆಗೆ, 'ಉಯಿದಾ' ಅವನ ಮನೆಯಲ್ಲಿ. ನಕಾರ ಇಲ್ಲ, ಸ್ವರಗಳ ಹೊಂದಾಣಿಕೆಯೂ ಬರಹದಲ್ಲಿ ಇಲ್ಲ.

ಕಾಫಿಪುಡಿ:
ಹಾಗಾದರೆ ನಾನು ಉಜ್ಬೆಕ್ ಕಲಿಯಬೇಕಿತ್ತು!

ಮಂಗ್ಳೂರ್‌ಬಂಗುಡೆ:
ಎಲ್ಲಾ ಬಿಟ್ಟು ಸೈಬೀರಿಯಾದ ಸಖಾ ಭಾಷೆ ಕಲೀರಿ. ಅದರಲ್ಲಿ ಷಷ್ಠಿಯೇ ಇಲ್ಲ. ಒಡೆಯನಿಗೆ ಗುರುತು ಬೇಡ, ವಸ್ತುವಿಗೆ ಮಾತ್ರ. 'ಅಲಿ ಮನೆ-ಅವನದು' ಅಂದ ಹಾಗೆ. ಒಂದು ಬಾಲ ಉಳಿತಾಯ. ಚಳಿ ಮಾತ್ರ ನಿಮ್ಮ ಲೆಕ್ಕಕ್ಕೆ.

ಹುಬ್ಳಿಗಿರ್ಮಿಟ್:
ನಿಮಗ್ಯಾರಿಗೂ ಗೊತ್ತಿಲ್ಲದ ಒಂದು ಮಾತು ಹೇಳ್ತೇನಿ. ನಮ್ಮ ಊರಾಗ ತುರ್ಕಿಯ ಒಡೆತನದ ಪ್ರತ್ಯಯ ದಿನಾ ಓಡಾಡತದ. ಬೇಗಂ! 'ಬೇಗ್' ಅಂದರೆ ಒಡೆಯ, ಕೊನೆಯ ಮ್ 'ನನ್ನ'. ಖಾನಂ ಕೂಡ ಹಾಗೇ, ಖಾನ್ ಮೇಲೆ ಮ್. ಹೆಚ್ಚಿನ ವಿದ್ವಾಂಸರು ಹೇಳೋದು ಇದನ್ನೇ.

ಅಂಕಾರಾಅಕ್ಕ:
ಇಲ್ಲಿ ಆ ಮ್ ಇಲ್ಲದೆ ಯಾರೂ ಯಾರನ್ನೂ ಕರೆಯಲ್ಲ. ಫೋನ್ ಎತ್ತಿದರೆ 'ಎಫೆಂದಿಮ್', ನನ್ನ ಒಡೆಯರೇ. ಪ್ರೀತಿಯವರಿಗೆ 'ಜಾನಿಮ್', ನನ್ನ ಜೀವವೇ. ಪಾಠ ಹೇಳುವವರಿಗೆ 'ಹೊಜಾಮ್', ನನ್ನ ಗುರುವೇ. ಈಗ ಆಸ್ಪತ್ರೆಯ ಡಾಕ್ಟರನ್ನೂ, ಆಫೀಸಿನ ಪಕ್ಕದ ಮೇಜಿನವರನ್ನೂ ಹೊಜಾಮ್ ಅನ್ನುತ್ತಾರೆ. ನಮ್ಮ ಬೆಂಗಳೂರಿನ 'ಗುರು' ಥರ. ತಾಯಂದಿರು ಮಗುವನ್ನು 'ಅನ್ನೆಮ್' (ನನ್ನಮ್ಮ) ಅಂತ ಕರೆಯುವುದೂ ಉಂಟು.

ನಿವೃತ್ತಮೇಷ್ಟ್ರು:
ಮಗನಿಗೆ 'ಬಾರೋ ನನ್ನಪ್ಪಾ' ಅನ್ನುವುದಿಲ್ಲವೇ, ಅದೇ.

ಅಂಕಾರಾಅಕ್ಕ:
ಆದರೆ ಕನ್ನಡದವರು ಜಾರಿ ಬೀಳುವ ಜಾಗವೂ ಅದೇ, ಮೇಷ್ಟ್ರೇ. ನಾವು 'ನಮ್ಮಮ್ಮ', 'ನಮ್ಮನೆ' ಅನ್ನುತ್ತೇವೆ, ಒಬ್ಬರೇ ಮಕ್ಕಳಾದರೂ ನಮ್ಮಮ್ಮನೇ. ಹಾಗೇ ಇಲ್ಲಿ 'ಅನ್ನೆಮಿಜ್' ಅಂದರೆ, ಪಕ್ಕದಲ್ಲಿ ನಿಮ್ಮ ತಂಗಿ ನಿಂತಿದ್ದಾಳಾ ಅಂತ ನೋಡುತ್ತಾರೆ. 'ಅನ್ನೆಮ್' ಅನ್ನಬೇಕು. ಮನೆಗೆ ಮಾತ್ರ 'ಬಿಜಿಮ್ ಎವ್' ಅಂತ ಆಡುಮಾತಿನಲ್ಲಿ ಧಾರಾಳವಾಗಿ ನಡೆಯುತ್ತದೆ, ಪ್ರತ್ಯಯ ಕೂಡ ಬೇಕಿಲ್ಲ. ಪುಸ್ತಕದಲ್ಲಿ 'ಬಿಜಿಮ್ ಎವಿಮಿಜ್' ಅಂತಲೇ ಇರುತ್ತದೆ.

ಸಾಫ್ಟ್‌ವೇರ್‌ಸೀನ:
'ಇದೆ', 'ಇಲ್ಲ' ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ ಅನ್ನೋದನ್ನು ನಾವು ಗೆ ಹಾಕಿ ಹೇಳುತ್ತೇವೆ. ಅಲ್ಲಿ ಗೆ ಬೇಡ. 'ಇಕಿ ಚೊಜೂಮ್ ವಾರ್': ನನ್ನ ಎರಡು ಮಗು ಇದೆ. ಸಂಖ್ಯೆ ಬಂದರೆ ಬಹುವಚನವೂ ಬೇಡ. ದುಡ್ಡಿಲ್ಲ ಅನ್ನೋಕೆ 'ಪರಾಮ್ ಯೊಕ್', ನನ್ನ ದುಡ್ಡು ಇಲ್ಲ. ಆದರೆ ಈಗ ಜೇಬಿನಲ್ಲಿ, ನನ್ನ ಹತ್ರ ಇದೆ ಅನ್ನೋಕೆ ಸಪ್ತಮಿ: 'ಬೆನ್‌ದೆ ಪರಾ ವಾರ್'. ನಮ್ಮ 'ನನ್ನ ಹತ್ರ ದುಡ್ಡಿದೆ' ಸರಿಯಾಗಿ ಇದಕ್ಕೇ ಹೊಂದುತ್ತದೆ.

ಕಾಫಿಪುಡಿ:
ಇದು ಬರೆದಿಟ್ಟುಕೊಂಡೆ. ಅನ್ನು ಪ್ರತ್ಯಯ ಯಾವಾಗ ಹಾಕಬೇಕು, ಯಾವಾಗ ಬಿಡಬೇಕು?

ಸಾಫ್ಟ್‌ವೇರ್‌ಸೀನ:
ಇದೊಂದು ನಿಮಗೆ ಪುಕ್ಕಟೆ. 'ಪುಸ್ತಕ ಓದಿದೆ' ಮತ್ತು 'ಪುಸ್ತಕವನ್ನು ಓದಿದೆ' ನಡುವೆ ಇರುವ ವ್ಯತ್ಯಾಸವೇ ಅಲ್ಲೂ. 'ಕಿತಾಪ್ ಒಕುದುಮ್' ಅಂದರೆ ಸುಮ್ನೆ ಓದ್ತಾ ಕೂತಿದ್ದೆ. 'ಕಿತಾಬಿ ಒಕುದುಮ್' ಅಂದರೆ ನೀನು ಹೇಳಿದ್ಯಲ್ಲ, ಆ ಪುಸ್ತಕ. ನಾವು ಸ್ವಲ್ಪ ಸಡಿಲ, ಅವರು ಬಿಗಿ. ಮತ್ತೆ ಒಡೆತನದ ಪ್ರತ್ಯಯ ಇದ್ದರೆ ಅನ್ನು ಬಿಡುವ ಹಾಗಿಲ್ಲ. ನನ್ನ ಪುಸ್ತಕ ಓದಿದೆ ಅಂತ ನಾವು ಬಿಟ್ಟರೂ, ಅಲ್ಲಿ 'ಕಿತಾಬಿಮಿ ಒಕುದುಮ್' ಅಂತಲೇ ಆಗಬೇಕು.

ಟೂರಿಸ್ಟ್‌ತಿಮ್ಮ:
ಕಿತಾಪ್, ಕಿತಾಬಿ. ಪ ಬ ಯಾಕೆ ಆಯಿತು?

ಸಾಫ್ಟ್‌ವೇರ್‌ಸೀನ:
ತುರ್ಕಿಯಲ್ಲಿ ಪದದ ಕೊನೆಗೆ ಬ್ ನಿಲ್ಲೋದು ಕಮ್ಮಿ, ಪ್ ಆಗಿಬಿಡುತ್ತದೆ. ಹಿಂದೆ ಸ್ವರ ಬಂದರೆ ಹಳೇ ಬ್ ಹೊರಗೆ ಬರುತ್ತದೆ. ನಮಗೆ ಕಿತಾಬ್ ಗೊತ್ತಿರೋದರಿಂದ ನಾವು ಮೊದಲೇ ಊಹಿಸಬಹುದು.

ವಿಜಾಪುರಗುಮ್ಮಟ:
ನೋಡಿದ್ರಾ, ಸಂಬಂಧ ಇದೆ!

ಸಾಫ್ಟ್‌ವೇರ್‌ಸೀನ:
ಅದು ಅರಬ್ಬಿ ಪದ, ಇಬ್ಬರೂ ಸಾಲ ತಂದಿದ್ದು.

ಕಾಫಿಪುಡಿ:
ಕೊನೆಯದಾಗಿ 'ಎವ್‌ಲೆರಿ'. ನನ್ನ ಆ್ಯಪ್ ಒಮ್ಮೆ 'ಅವರ ಮನೆ' ಅನ್ನುತ್ತದೆ, ಒಮ್ಮೆ 'ಅವನ ಮನೆಗಳು'.

ಅಂಕಾರಾಅಕ್ಕ:
ನಾಲ್ಕು ಅರ್ಥ ಇದೆ. ಅವನ ಮನೆಗಳು, ಅವರ ಮನೆ, ಅವರ ಮನೆಗಳು, ಮತ್ತೆ ಬರೀ 'ಮನೆಗಳನ್ನು'. ಲೆರ್ ಎರಡು ಸಲ ಬರುವ ಹಾಗಿಲ್ಲ, ಅದಕ್ಕೆ ಒಡೆಯರು ಹಲವರೋ ಮನೆಗಳು ಹಲವೋ ಗೊತ್ತಾಗಲ್ಲ. ಮುಂದೆ 'ಒನ್‌ಲಾರಿನ್' (ಅವರ) ಅಂತ ಹಾಕಿಬಿಡಿ. ಅದು ಇದ್ದರೆ ಹಿಂದಿನ ಲೆರ್ ಬಿಡಬಹುದು: 'ಒನ್‌ಲಾರಿನ್ ಎವಿ' ಅಂದರೆ ಅವರ ಮನೆ, ಒಂದೇ ಮನೆ.

ಮಂಗ್ಳೂರ್‌ಬಂಗುಡೆ:
ನಾನು ನಿಯಮ ಕಲಿತೆ ಅಂತ ಒಂದು ಪರೀಕ್ಷೆ ಮಾಡಿಕೊಂಡೆ. ನೀರು ಅಂದರೆ 'ಸು'. ಸ್ವರದಲ್ಲಿ ಮುಗಿಯುತ್ತದೆ, ಸಕಾರ ಬರಬೇಕು. ಅಂದರೆ 'ಅದರ ನೀರು' ಅನ್ನೋಕೆ 'ಸುಸು'?

ಹುಬ್ಳಿಗಿರ್ಮಿಟ್:
ಅಯ್ಯೋ ದೇವ್ರೇ 😂😂

ಅಂಕಾರಾಅಕ್ಕ:
ಅಲ್ಲ! ನಿಯಮ ಮುರಿಯುವ ಬೆರಳೆಣಿಕೆಯ ಪದಗಳಲ್ಲಿ ಅದು ಒಂದು. 'ಸುಯು' ಆಗುತ್ತದೆ. ಹಣ್ಣಿನ ರಸಕ್ಕೆ 'ಮೆಯ್ವೆ ಸುಯು', ಕೋಳಿ ಸಾರಿನ ತಿಳಿಗೆ 'ತವುಕ್ ಸುಯು', ಕಿತ್ತಳೆ ರಸಕ್ಕೆ 'ಪೊರ್ತಕಾಲ್ ಸುಯು'.

ಟೂರಿಸ್ಟ್‌ತಿಮ್ಮ:
ಹೋಟೆಲ್‌ನಲ್ಲಿ ಹೋಗಿ ಕೇಳೋಕೆ ಮುಂಚೆ ಇಲ್ಲಿ ಕೇಳಿದ್ದು ಪುಣ್ಯ ಬಂಗುಡೆಯವರೇ. ಬೆಂಗಳೂರಿನವರು ಪಕ್ಕದ ಮೇಜಿನಲ್ಲಿ ಇದ್ದಿದ್ದರೆ ಎದ್ದು ಹೋಗ್ತಿದ್ದರು.